ಪುಷ್ಪಕ್ಕನ ಮದುವೆ ಮತ್ತು ನನ್ನ ಎಡಗಿವಿ

ನನಗೆ ಗುಟ್ಟು ಹೇಳಬೇಕೆಂದಿದ್ದರೆ ಬಲಬದಿಗೆ ಬನ್ನಿ. ಎಡಗಿವಿಯಲ್ಲಿ ಹೇಳಿದರೆ ಅರ್ಧ ಮಾತು ಒಳಗೆ ಹೋಗುತ್ತದೆ, ಉಳಿದರ್ಧ ಅಲ್ಲೇ ಮೊದಲಿನಿಂದ ಇರುವ ಒಂದು ಶಬ್ದದ ಜೊತೆ ಕಲಸಿಹೋಗುತ್ತದೆ. ಕುಕ್ಕರ್ ಸೀಟಿ ಹೊಡೆಯುವ ಮೊದಲು ಸಣ್ಣಗೆ ಉಸಿರು ಬಿಡುತ್ತದಲ್ಲ, ಆ ಶಬ್ದ. ಇದನ್ನು ಬರೆಯುವಾಗಲೂ ಉಂಟು. ಸೀಟಿ ಮಾತ್ರ ಯಾವತ್ತೂ ಹೊಡೆಯುವುದಿಲ್ಲ.

ಬಸ್ಸಿನಲ್ಲೋ ಮದುವೆ ಊಟದಲ್ಲೋ ಯಾರಾದರೂ ಕಿವಿಗೆ ಎಂತ ಆಯ್ತು ಎಂದು ಕೇಳುತ್ತಾರೆ. ಮೊದಲು ಬಚ್ಚಲಲ್ಲಿ ಜಾರಿಬಿದ್ದೆ ಎನ್ನುತ್ತಿದ್ದೆ. ಈಗ ಗಂಡ ಹೊಡೆದದ್ದು ಎನ್ನುತ್ತೇನೆ. ಕೇಳಿದವರ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲಿ. ಕೇಳಿದ್ದು ಅವರು, ನಾನಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಗಂಡನ ಪಕ್ಕ ಕುಳಿತು, ಒಳಗೆ ಹೋದ ಮೇಲೆ ಎಂತ ಹೇಳುವುದು ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿರುವ ಹೆಂಗಸಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಬೆಂಚು ನನಗೆ ಚೆನ್ನಾಗಿ ಗೊತ್ತು.

ನಮ್ಮ ಮನೆ ಮಂಗಳೂರಿನ ಕುದ್ರೋಳಿಯಲ್ಲಿ. ಅಪ್ಪ ಬಂದರಿನ ದಕ್ಕೆಯಲ್ಲಿ ಮೀನು ಇಳಿಸುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು; ಬಿ.ಕಾಂ. ಮುಗಿಸಿದವಳೂ ನಾನೇ. ಕಪ್ಪು ಗೌನು ಹಾಕಿ ತೆಗೆಸಿಕೊಂಡ ಫೋಟೋವನ್ನು ಅಮ್ಮ ಜಗಲಿಯಲ್ಲಿ, ದೇವರ ಫೋಟೋಗಿಂತ ಒಂದು ಗೇಣು ಮೇಲೆ ಹಾಕಿಸಿದ್ದಾರೆ. ದೇವರಿಗೆ ಬೇಸರವಾಗುತ್ತದೆ ಎಂದರೆ, "ದೇವರು ಕಾಲೇಜಿಗೆ ಹೋಗಿದ್ದಾರಾ?" ಎಂದು ಕೇಳಿದರು.

ಇದನ್ನು ಯಾಕೆ ಹೇಳುತ್ತೇನೆಂದರೆ, ಎಲ್ಲ ಕೇಳಿಸಿಕೊಂಡ ಮೇಲೆ ಜನ ಕೇಳುವ ಇನ್ನೊಂದು ಪ್ರಶ್ನೆ ಉಂಟು: ಓದಿದವಳಾಗಿ ಇಷ್ಟು ವರ್ಷ ಹೇಗೆ ಸಹಿಸಿದೆ? ಬಿ.ಕಾಂ.ನಲ್ಲಿ ಆ ಪೇಪರ್ ಇರಲಿಲ್ಲ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಓದಿದ್ದರಿಂದಲೇ ಸಹಿಸಿದೆ. ಬೀದಿಯವರಿಗೆಲ್ಲ ಅಮ್ಮ ತೋರಿಸುವ ಫೋಟೋದಲ್ಲಿ ಇರುವವಳು ಪೆಟ್ಟು ತಿಂದು ವಾಪಸ್ ಬಂದಳು ಎಂದರೆ, ಆ ಫೋಟೋದ ಕೆಳಗೆ ಕುಳಿತು ಅಮ್ಮ ಹೇಗೆ ಬೀಡಿ ಕಟ್ಟಬೇಕು?

ನನ್ನನ್ನು ಕೊಟ್ಟದ್ದು ಉರ್ವಕ್ಕೆ. ಅವನು ಗಲ್ಫಿನಲ್ಲಿ ಕೆಲವು ವರ್ಷ ಇದ್ದು ಬಂದು ಟೈಲ್ಸ್ ಅಂಗಡಿ ಇಟ್ಟಿದ್ದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಇದು ನನ್ನ ಕಿವಿಯ ಕಥೆ. ಕುಡಿಯುವವನಲ್ಲ, ಬೀದಿಯಲ್ಲಿ ಯಾರ ಮನೆಯಲ್ಲಿ ಕಾರ್ಯ ಇದ್ದರೂ ಮೊದಲು ಹೋಗಿ ಕುರ್ಚಿ ಹಾಕುವವನು. ಕುಡಿಯುವುದಿಲ್ಲ ಎಂಬುದೇ ಅವನ ದೊಡ್ಡ ಸರ್ಟಿಫಿಕೇಟು. ಕುಡಿಯದವನು ಹೊಡೆಯುತ್ತಾನೆಂದರೆ ಹೊಡೆಸಿಕೊಂಡವಳಲ್ಲೇ ಎಂತದೋ ಇರಬೇಕು ಎಂದು ಜನರ ಲೆಕ್ಕ.

ಮೊದಲ ಪೆಟ್ಟು ಬಿದ್ದದ್ದು ಏರ್‌ಪೋರ್ಟಿಗೆ ಯಾವ ದಾರಿ ಹತ್ತಿರ ಎಂಬ ಮಾತಿಗೆ. ಅವನ ಸ್ನೇಹಿತರ ಎದುರು, ಅದಲ್ಲ, ಇನ್ನೊಂದು ದಾರಿ ಹತ್ತಿರ ಎಂದುಬಿಟ್ಟೆ. ಅವರು ನಗಾಡಿಕೊಂಡು ಹೊರಟುಹೋದರು. ಗೇಟು ಹಾಕಿದ ಶಬ್ದವನ್ನು ನಾನು ಎರಡೂ ಕಿವಿಯಲ್ಲಿ ಕೇಳಿದ್ದು ಅದೇ ಕೊನೆ. ಒಳಗೆ ಬಂದವನೇ ಅಗಲಿಸಿದ ಅಂಗೈಯಲ್ಲಿ ಹೊಡೆದ. ಬಲೂನು ಒಡೆದ ಹಾಗಾಯಿತು, ಆಮೇಲೆ ಎಲ್ಲವೂ ನೀರಿನ ಅಡಿಯಿಂದ ಬಂದಂತೆ. ದೊಡ್ಡ ಡಿಗ್ರಿ ಎಂದು ಹೇಳುತ್ತಿದ್ದಾನೆಂದು ಅವನ ತುಟಿ ನೋಡಿ ತಿಳಿಯಿತು.

ಮರುದಿನ ಮೂಗು ಸೀಟಿದಾಗ ಕಿವಿಯಿಂದ ಗಾಳಿ ಬಂತು, ಸೂಂಯ್ ಎಂದು. ಹೆದರಿಕೆಯ ನಡುವೆಯೂ ಒಮ್ಮೆ ನಗು ಬಂದದ್ದು ಹೌದು. ಯಾರಿಗೂ ಹೇಳಲಿಲ್ಲ.

ಆ ಮನೆಯಲ್ಲಿ ನನ್ನ ಮೇಲೆ ಪ್ರೀತಿ ಇದ್ದದ್ದು ಅತ್ತೆಗೆ. ತುಳುವಿನಲ್ಲಿ ನಾವು ಮಾಮಿ ಎನ್ನುತ್ತೇವೆ. ಕಿವಿನೋವು ಎಂದಾಗ ಮಾಮಿ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ತನ್ನ ಮಡಿಲಲ್ಲಿ ನನ್ನ ತಲೆ ಇಟ್ಟುಕೊಂಡು ಎಣ್ಣೆ ಬಿಟ್ಟರು. ಪರದೆ ಹರಿದ ಕಿವಿಗೆ ಎಣ್ಣೆ ಬಿಡಬಾರದೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಗನ ಕೈ ಮಾಡಿದ್ದನ್ನು ತಾಯಿಯ ಪ್ರೀತಿ ಮುಂದುವರಿಸಿತು. ಕಿವಿ ಸೋರಲು ಶುರುವಾಯಿತು. ಕೀವು, ಅದರ ವಾಸನೆ. ನಾನು ಕೆಲಸಕ್ಕಿದ್ದ ಕದ್ರಿಯ ಆಡಿಟರ್ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಎಡಗಿವಿ ಕಿಟಕಿಯ ಕಡೆಗೆ ಬರುವ ಸೀಟೇ ಹುಡುಕುತ್ತಿದ್ದೆ. ಅದು ಸಿಗದಿದ್ದರೆ ನಿಂತೇ ಹೋಗುತ್ತಿದ್ದೆ.

ಹತ್ತಿರದ ಡಾಕ್ಟರಲ್ಲಿಗೆ ಅವನೇ ಕರೆದುಕೊಂಡು ಹೋಗುತ್ತಿದ್ದ, ಅವನೇ ಹೇಳುತ್ತಿದ್ದ. "ಬಚ್ಚಲಲ್ಲಿ ಬಿದ್ದದ್ದು ಡಾಕ್ಟ್ರೇ, ಎಷ್ಟು ಹೇಳಿದ್ರೂ ಜಾಗ್ರತೆ ಇಲ್ಲ ಇವಳಿಗೆ." ನಾನು ತಲೆ ಆಡಿಸುತ್ತಿದ್ದೆ. ಕಿವಿಗೆ ಹನಿ, ತಲೆಸುತ್ತಿಗೆ ಮಾತ್ರೆ, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ. ಬಚ್ಚಲಿಗೆ ಯಾರೂ ಮದ್ದು ಬರೆಯಲಿಲ್ಲ.

ಕಿವಿ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಮೈಯೆಲ್ಲ ಕೆಡಲು ಶುರುವಾಯಿತು. ಮುಟ್ಟು ತಪ್ಪಿತು, ಬಾಚಣಿಗೆ ತುಂಬ ಕೂದಲು, ತಿಂದದ್ದು ನಿಲ್ಲುವುದಿಲ್ಲ. ಸಂಜೆ ಅವನ ಸ್ಕೂಟರ್ ಸ್ಟ್ಯಾಂಡ್ ಹಾಕುವ ಶಬ್ದಕ್ಕೆ ನನ್ನ ಹೊಟ್ಟೆ ಕಲ್ಲಾಗುತ್ತಿತ್ತು. ಆಮೇಲೆ ಯಾರದೇ ಸ್ಕೂಟರಿಗೂ ಹಾಗಾಯಿತು. ಆಫೀಸಿನ ಕೆಳಗೆ ಕೊರಿಯರಿನವನು ಸ್ಟ್ಯಾಂಡ್ ಹಾಕಿದರೆ ಮೂರನೇ ಮಹಡಿಯಲ್ಲಿ ನನ್ನ ಕೈ ಕೀಬೋರ್ಡಿನ ಮೇಲೆ ನಡುಗುತ್ತಿತ್ತು. ಹೆದರಬೇಕಾದವನು ಊರಿನ ಇನ್ನೊಂದು ಮೂಲೆಯಲ್ಲಿ ಟೈಲ್ಸ್ ಮಾರುತ್ತಿದ್ದಾನೆ ಎಂದು ತಲೆಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ.

ಹೀಗಿರುವಾಗ ಒಂದು ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮನೆ ತುಂಬ ನೆಂಟರು. ಪಾಯಸಕ್ಕೆ ಹಾಲು ಕಡಿಮೆ ಬಿತ್ತೆಂದು ಅವನು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಗದರಿದ. ಹೊಡೆಯಲಿಲ್ಲ, ಕೈ ಸ್ವಲ್ಪ ಎತ್ತಿದ ಅಷ್ಟೆ. ನನ್ನ ಮೈ ನಡುಗಲು ಶುರುವಾದದ್ದು ನಿಲ್ಲಲೇ ಇಲ್ಲ. ಹಲ್ಲು ಕಚ್ಚಿಕೊಂಡಿತು, ಕೂದಲು ಬಿಚ್ಚಿಹೋಯಿತು, ಗಂಟಲಿನಿಂದ ನನ್ನದಲ್ಲದ ಒಂದು ಶಬ್ದ ಬಂತು. ಹೆಂಗಸರೆಲ್ಲ ಓಡಿ ಬಂದರು. ಹಿರಿಯ ನೆಂಟರೊಬ್ಬರು, ಇದು ಕಾಯಿಲೆಯಲ್ಲ, ಮೈಮೇಲೆ ಬಂದದ್ದು ಎಂದರು. ಎಲ್ಲರೂ ಒಪ್ಪಿದರು. ಅವನೂ ಒಪ್ಪಿದ.

ಬಲ್ಯಾಯರಲ್ಲಿ ಹೋಗಿ ಪ್ರಶ್ನೆ ಇಡಿಸಿದರು. ಬಲ್ಯಾಯರೆಂದರೆ ನಮ್ಮ ಕಡೆ ಕವಡೆ ಹಾಕಿ ಮನೆಯ ದೋಷ ನೋಡುವವರು. ಕವಡೆ ಸರಿಸಿ ಅವರು ಕೇಳಿದರು, ಈ ಮನೆಯಿಂದ ಮದುವೆಯಾಗದೆ ಹೋದ ಹೆಣ್ಣು ಉಂಟಾ ಎಂದು.

ಮಾಮಿ ಸೆರಗು ಬಾಯಿಗೆ ಒತ್ತಿಕೊಂಡರು. ಇದ್ದಳು. ಅವರ ಮೊದಲ ಮಗು, ಪುಷ್ಪ. ಎರಡು ವರ್ಷದವಳಿದ್ದಾಗ ಜ್ವರ ಬಂದು ಹೋದದ್ದು. ನನ್ನ ಗಂಡ ಹುಟ್ಟುವ ಮೊದಲಿನ ಮಾತು. ಆ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಚಿಕ್ಕಂದಿನಲ್ಲಿ ಸತ್ತವರೂ ಅಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಅವರಿಗೂ ಮದುವೆಯ ಆಸೆಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಮದುವೆ ಮಾಡಿಸದಿದ್ದರೆ ಆ ಕುಲೆ, ಅಂದರೆ ಸತ್ತವರ ಆತ್ಮ, ಮನೆಯವರಿಗೆ ತೊಂದರೆ ಕೊಡುತ್ತದೆ. ಹಾಗಾಗಿ ಅದೇ ರೀತಿ ತೀರಿಹೋದ ಗಂಡು ಇರುವ ಮನೆಯನ್ನು ಹುಡುಕಿ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ ಸತ್ತ ಇಬ್ಬರಿಗೂ ಶಾಸ್ತ್ರೋಕ್ತ ಮದುವೆ ಮಾಡಿಸುತ್ತಾರೆ. ಸೊಸೆಯ ಸಂಸಾರ ನೋಡಿ ಪುಷ್ಪಳಿಗೆ ಹೊಟ್ಟೆಕಿಚ್ಚು, ಅದಕ್ಕೇ ಇವಳ ಕಿವಿಯಲ್ಲಿ ಕುಳಿತಿದ್ದಾಳೆ ಎಂದು ತೀರ್ಮಾನವಾಯಿತು. ನನ್ನ ಸಂಸಾರ ನೋಡಿ ಹೊಟ್ಟೆಕಿಚ್ಚು! ಪಾಪ, ಅವಳಿಗೂ ಸುಳ್ಳು ಆಪಾದನೆ.

ಆದರೆ ಒಂದು ವಿಷಯ ನಾನು ಎಣಿಸಿರಲಿಲ್ಲ. ಅವತ್ತಿನಿಂದ ಅವನು ನನ್ನನ್ನು ಮುಟ್ಟಲಿಲ್ಲ. ಸಿಟ್ಟು ಬರುತ್ತಿತ್ತು, ಹಲ್ಲು ಕಡಿಯುತ್ತಿದ್ದ, ಕೈ ಎತ್ತುತ್ತಿದ್ದ, ಆಮೇಲೆ ನನ್ನ ಮುಖ ನೋಡಿ ಇಳಿಸುತ್ತಿದ್ದ. ಒಳಗೆ ಅಕ್ಕ ಕುಳಿತಿದ್ದಾಳೋ ಏನೋ. ಕುಲೆಗೆ ಹೊಡೆದರೆ ಗತಿ ಎಂತ? ಬದುಕಿರುವ ಹೆಂಡತಿಗೆ ಇಲ್ಲದ ಮರ್ಯಾದೆ ಸತ್ತ ಅಕ್ಕನಿಗೆ ಇತ್ತು. ನಾನು ಒಳಗೊಳಗೇ ಅವಳ ಜೊತೆ ಮಾತಾಡಲು ಕಲಿತೆ. ಪುಷ್ಪಕ್ಕಾ, ಇವತ್ತು ಸ್ವಲ್ಪ ನೋಡಿಕೊಳ್ಳಿ ಮಾರಾಯ್ರೇ ಎಂದು ಹೇಳಿಯೇ ಅಡುಗೆಗೆ ಇಳಿಯುತ್ತಿದ್ದೆ. ಕುಲೆಯನ್ನು ನಂಬುತ್ತೀಯಾ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಆ ತಿಂಗಳುಗಳಲ್ಲಿ ಇಡೀ ಮಂಗಳೂರಿನಲ್ಲಿ ನನ್ನನ್ನು ಕಾದದ್ದು ಅವಳೊಬ್ಬಳೇ ಎಂಬುದು ಗೊತ್ತು.

ಅವಳಿಗೆ ಗಂಡು ಹುಡುಕುತ್ತಿದ್ದರು. ಸುರತ್ಕಲ್ ಕಡೆ ಒಂದು ಮನೆಯಲ್ಲಿ ಸಣ್ಣದಿರುವಾಗಲೇ ತೀರಿಹೋದ ಹುಡುಗ ಇದ್ದಾನೆಂದು ತಿಳಿಯಿತು. ಎರಡು ಕಡೆಯ ಬರಿಯೂ, ಅಂದರೆ ಗೋತ್ರವೂ, ಬೇರೆಬೇರೆ, ಕೂಡಿಬರುತ್ತದೆ ಎಂದರು. ಆಟಿಯಲ್ಲಿ ಮುಹೂರ್ತ. ಮನೆಯಲ್ಲಿ ಎಲ್ಲರಿಗೂ ಸಂತೋಷ. ನನ್ನ ಲೆಕ್ಕವೇ ಬೇರೆ. ಮದುವೆಯಾಗಿ ಅವಳು ಹೋದ ಮೇಲೆ? ಅವನ ಕೈ ಮತ್ತೆ ಅವನದ್ದಾಗುತ್ತದೆ.

ಆ ನಡುವೆ ಆಫೀಸಿನಲ್ಲಿ ಕುರ್ಚಿಯಿಂದ ಏಳುವಾಗ ಗೋಡೆಯೆಲ್ಲ ತಿರುಗಿ ಬಿದ್ದುಬಿಟ್ಟೆ. ನನ್ನ ಪಕ್ಕದ ಟೇಬಲ್ಲಿನ ಝೀನತ್ ನನ್ನನ್ನು ಎತ್ತಿ ಕೂರಿಸಿದಳು. ಕುದ್ರೋಳಿಯವಳೇ, ನಮ್ಮ ಬೀದಿಯ ಆಚೆಬದಿಯ ಬ್ಯಾರಿಗಳ ಮನೆಯವಳು. ಅವಳು ಉಪದೇಶ ಮಾಡುವ ಪೈಕಿಯಲ್ಲ. "ನಿನ್ನ ಕುಲೆಯ ವಿಷಯ ನಿನಗೆ ಬಿಟ್ಟದ್ದು. ಕಿವಿಗೆ ಡಾಕ್ಟರು ಉಂಟಲ್ಲ, ಬಾ," ಎಂದು ಸ್ಕೂಟರ್ ಹಿಂದೆ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳು ಅಲ್ಲಿ ಸ್ಟ್ಯಾಂಡ್ ಹಾಕಿದ ಶಬ್ದಕ್ಕೂ ನಾನು ಬೆಚ್ಚಿದೆ. ನೋಡಿದಳು, ನನ್ನ ಕೈ ಹಿಡಿದು ಒಳಗೆ ನಡೆದಳು.

ಕಿವಿ ಮೂಗು ಗಂಟಲಿನ ವಿಭಾಗದ ಹೊರಗಿನ ಬೆಂಚು. ಎದುರಿಗೆ ಮೂಗಿನಲ್ಲಿ ಬಟಾಣಿ ಹಾಕಿಕೊಂಡ ಒಂದು ಮಗು, ಅದಕ್ಕೆ ಬೈಯುತ್ತಾ ನಗುತ್ತಾ ಇರುವ ಅಜ್ಜಿ. ನಮ್ಮ ಟೋಕನ್ ಬರುವ ಮೊದಲು ಅವನೂ ಬಂದ. ಆಫೀಸಿನಿಂದ ಯಾರೋ ಫೋನ್ ಮಾಡಿದ್ದರು. ನನ್ನ ಎಡಕ್ಕೇ ಕುಳಿತ. ನಾನು ಮನಸ್ಸಿನಲ್ಲೇ ಶುರುಮಾಡಿದೆ: ಬಚ್ಚಲು, ಸಾಬೂನು, ಕಾಲು ಜಾರಿತು. ಬಚ್ಚಲು, ಸಾಬೂನು, ಕಾಲು ಜಾರಿತು.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡ ಪ್ರಾಯದ ಹೆಂಗಸು. ಕಿವಿಯೊಳಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಅವನು ಬಚ್ಚಲಿನ ಕಥೆ ಹೇಳಿದ. ಹೌದಾ ಎಂದು ಎಲ್ಲ ಕೇಳಿಸಿಕೊಂಡು, ಶ್ರವಣ ಪರೀಕ್ಷೆ ಮಾಡಬೇಕು, ನೀವು ಹೊರಗೆ ಇರಿ ಎಂದರು. ನನ್ನನ್ನು ಒಂದು ಸಣ್ಣ ಕೋಣೆಯೊಳಗೆ ಕೂರಿಸಿದರು. ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ. ಬಾಗಿಲು ಹಾಕಿದಾಗ ಇಡೀ ಊರೇ ಆರಿಹೋದ ಹಾಗಾಯಿತು. ಮೊದಲ ಸಲ ನನ್ನ ಕುಕ್ಕರಿನ ಶಬ್ದವನ್ನು ಪೂರ್ತಿಯಾಗಿ ಕೇಳಿದೆ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಒಳಗೆ ಬಂದು ಬಾಗಿಲು ಹಾಕಿಕೊಂಡು ನನ್ನ ಬಲಬದಿಗೆ ಕುಳಿತರು.

"ನಿಮ್ಮ ಮನೆಯವರು ಬಲಗೈಯವರಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಎದುರಿಗೆ ನಿಂತ ಬಲಗೈಯವನ ಪೆಟ್ಟು ಬೀಳುವುದು ಎಡಗಿವಿಗೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಹೌದು," ಎಂದೆ.

"ಈ ಕೋಣೆಯಿಂದ ಹೊರಗೆ ಒಂದು ಶಬ್ದವೂ ಹೋಗುವುದಿಲ್ಲ. ಹೇಳ್ಬೇಕು ಅಂತ ಇದ್ರೆ ಹೇಳಿ. ಅಳ್ಬೇಕು ಅಂತ ಇದ್ರೂ ಆಗ್ತದೆ."

ಅಳಲಿಲ್ಲ. ಹೇಳಿದೆ. ಏರ್‌ಪೋರ್ಟಿನ ದಾರಿಯಿಂದ ಪಾಯಸದ ಹಾಲಿನವರೆಗೆ. ಕುಲೆಯ ಮದುವೆಯ ವಿಷಯವನ್ನೂ ಹೇಳಿದೆ. ನಗುತ್ತಾರೇನೋ ಎಂದುಕೊಂಡಿದ್ದೆ, ನಗಲಿಲ್ಲ. ಪರದೆಯಲ್ಲಿ ದೊಡ್ಡ ತೂತು ಉಂಟು, ಕಿವಿಯ ಹಿಂದಿನಿಂದ ತೆಳು ಪೊರೆ ತೆಗೆದು ತೇಪೆ ಹಾಕಬಹುದು, ಒಳಗಿನ ನರಕ್ಕೆ ಆದ ಪೆಟ್ಟು ಮಾತ್ರ ಪೂರ್ತಿ ವಾಪಸ್ ಬರುವುದಿಲ್ಲ ಎಂದರು. ಆಮೇಲೆ ಕೇಳಿದರು: "ಆಪರೇಶನ್ ನಾನು ಮಾಡ್ತೇನೆ. ಆದರೆ ತೇಪೆ ಹಾಕಿದ ಕಿವಿಗೆ ಇನ್ನೊಂದು ಪೆಟ್ಟು ಬಿದ್ರೆ ಮುಗೀತು. ಡಿಸ್ಚಾರ್ಜ್ ಆಗಿ ನೀವು ಯಾವ ಮನೆಗೆ ಹೋಗ್ತೀರಿ?"

ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಕಿವಿ ಒಣಗಲು ಮದ್ದು ಕೊಟ್ಟರು, ಎಣ್ಣೆ ಬಿಡಬಾರದು ಎಂದರು, ಆಸ್ಪತ್ರೆಯಲ್ಲೇ ಇರುವ ಆಪ್ತ ಸಮಾಲೋಚಕಿಯ ಹತ್ತಿರ ಕಳಿಸಿದರು. ಅವನಿಗೆ ಹೊರಗೆ, ಇನ್ನೂ ಎರಡು ಮೂರು ಸಲ ಪರೀಕ್ಷೆಗೆ ಬರಬೇಕು, ಆಫೀಸಿನಿಂದಲೇ ಬರಲಿ ಎಂದಷ್ಟೇ ಹೇಳಿದರು. ಹೀಗೆ ನನಗೆ ಶಬ್ದ ಹೋಗದ ಒಂದು ಕೋಣೆ ಸಿಕ್ಕಿತು. ಪೊಲೀಸ್ ಠಾಣೆಯಲ್ಲಿ ಎಂತ ಹೇಳಬೇಕು, ಜೊತೆಗೆ ಎಂತ ತೆಗೆದುಕೊಂಡು ಹೊರಡಬೇಕು, ಎಲ್ಲ ತಿಳಿದುಕೊಂಡೆ. ಒಂದೇ ಬಾಕಿ ಇತ್ತು, ಅಮ್ಮನಿಗೆ ಹೇಳುವುದು. ಅದಕ್ಕೆ ಮಾತ್ರ ಬಾಯಿ ಬರಲಿಲ್ಲ.

ಆಟಿ ಬಂತು. ಮದುವೆಯ ದಿನ ಹೊತ್ತು ಇಳಿಯುವಾಗ ಸುರತ್ಕಲಿನ ದಿಬ್ಬಣ ಬಂತು. ಹೊರಗಿನಿಂದ ನೋಡಿದರೆ ಯಾವ ಮದುವೆಗೂ ಕಡಿಮೆಯಿಲ್ಲ. ಹೂವು, ಕರಿಮಣಿ, ಧಾರೆ ಸೀರೆ, ಊಟ. ಮದುಮಗ ಮದುಮಗಳ ಜಾಗದಲ್ಲಿ ಮಾತ್ರ ಎರಡು ಕುರ್ಚಿ. ಒಂದರ ಮೇಲೆ ಪಂಚೆ ಶಾಲು, ಇನ್ನೊಂದರ ಮೇಲೆ ಸೀರೆ ರವಿಕೆ. ಮದುಮಗಳನ್ನು ಸಿಂಗರಿಸುವುದು ತಮ್ಮನ ಹೆಂಡತಿಯ ಕೆಲಸ ಎಂದು ನನಗೇ ಕೊಟ್ಟರು. ಮಾಮಿ ಪಕ್ಕದಲ್ಲಿ ನಿಂತು, ನೆರಿಗೆ ಸಣ್ಣದು ಮಾಡು, ಅವಳು ಗಿಡ್ಡ ಇದ್ದಾಳು ಎಂದರು. ಎರಡು ವರ್ಷಕ್ಕೆ ಹೋದ ಮಗಳು ಎಷ್ಟು ಎತ್ತರ ಬೆಳೆದಿರಬಹುದೆಂದು ಆ ತಾಯಿ ಲೆಕ್ಕ ಹಾಕಿದ್ದರು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಎಲ್ಲರೂ ಅದನ್ನು ಕುಲೆಯ ಅಳು ಎಂದುಕೊಂಡರು.

ಧಾರೆ ಮುಗಿದು ಹೆಣ್ಣನ್ನು ಒಪ್ಪಿಸಿಕೊಡುವ ಹೊತ್ತು. ಮಾಮಿಯ ಅಣ್ಣ, ಮನೆಗೆ ಹಿರಿಯರು, ಖಾಲಿ ಕುರ್ಚಿಯ ಎದುರು ನಿಂತು ಬುದ್ಧಿ ಹೇಳಿದರು. "ಮಗಾ, ಹೋದ ಮನೆಯಲ್ಲಿ ಹೊಂದಿಕೊಂಡು ಹೋಗ್ಬೇಕು. ಒಂದು ಮಾತು ಬಂದ್ರೂ ತಾಳಿಕೊಳ್ಬೇಕು. ತವರಿಗೆ ಕೆಟ್ಟ ಹೆಸರು ತರಬೇಡ ಆಯ್ತಾ."

ಜ್ವರದಲ್ಲಿ ಸತ್ತ ಎರಡು ವರ್ಷದ ಮಗುವಿಗೂ ಇವರ ಹತ್ತಿರ ಇದೇ ಮಾತು. ನನ್ನೊಳಗೆ ಎಂತದೋ ಕಡಿದುಹೋಯಿತು.

ಅಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು. "ನೀನೂ ಒಂದು ಮಾತು ಹೇಳಿಬಿಡು ಮಗಾ. ಇನ್ನು ನನಗೆ ತೊಂದರೆ ಕೊಡಬೇಡ ಅಂತ."

ಮುಂದೆ ಬಂದೆ. ಕುರ್ಚಿಗೆ ಉಡಿಸಿದ ಸೀರೆಯ ನೆರಿಗೆ ಒಮ್ಮೆ ಸರಿಮಾಡಿದೆ.

"ಪುಷ್ಪಕ್ಕಾ, ಇವರೆಲ್ಲ ನಿಮ್ಮ ಮೇಲೆ ಹಾಕಿದ್ದು ಸುಳ್ಳು. ನೀವು ನನಗೆ ಎಂತ ತೊಂದರೆಯೂ ಕೊಡ್ಲಿಲ್ಲ. ಕೊಟ್ಟದ್ದು ನಿಮ್ಮ ತಮ್ಮ. ನನ್ನ ಕಿವಿ ಒಡೆದದ್ದು ಅವರ ಕೈ."

ಅವನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದ, ನಗುವ ಪ್ರಯತ್ನ ಮಾಡುತ್ತಾ. "ನೋಡಿ, ಪುನಃ ಮೈಮೇಲೆ ಬಂತು."

"ಎಂತದೂ ಬಂದಿಲ್ಲ," ಎಂದೆ. "ನಾನೇ ಮಾತಾಡ್ತಿರುವುದು. ನನ್ನ ಕಣ್ಣು ನೋಡಿ."

ಅವನು ನೋಡಲಿಲ್ಲ. ಅಷ್ಟು ಜನರ ಎದುರು ಅವನ ಕೈ ತೊಡೆಗೆ ಅಂಟಿಕೊಂಡೇ ಇತ್ತು. ನಾನು ಕುರ್ಚಿಯ ಕಡೆಗೇ ತಿರುಗಿದೆ. "ಹೊಂದಿಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ ಪುಷ್ಪಕ್ಕಾ. ಅಲ್ಲಿ ಯಾರಾದ್ರೂ ಕೈ ಮಾಡಿದ್ರೆ ವಾಪಸ್ ಬನ್ನಿ. ಈ ಮನೆಗೆ ಬೇಡ. ಕುದ್ರೋಳಿಗೆ ಬನ್ನಿ, ನನ್ನ ಅಮ್ಮನ ಮನೆಗೆ. ನಾನು ಈಗ ಅಲ್ಲಿಗೇ ಹೋಗುವುದು."

ಡಾಕ್ಟರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಾಗೆ, ಒಂದು ಖಾಲಿ ಕುರ್ಚಿಯ ಎದುರು. ಹೇಳುವವರೆಗೆ ನನಗೂ ಗೊತ್ತಿರಲಿಲ್ಲ.

ನನ್ನ ಮಾತಿಗೆ ಮೊದಲು ಎದ್ದವರು ಗಂಡಿನ ತಂದೆ, ಸುರತ್ಕಲಿನ ಆ ಮುದುಕ. ಬೈಯುತ್ತಾರೆ ಎಂದುಕೊಂಡೆ. ಅವರು ಶಾಲು ಸರಿಮಾಡಿಕೊಂಡು ಸೀರೆ ಉಡಿಸಿದ ಕುರ್ಚಿಗೆ ಕೈಮುಗಿದರು. "ನಮ್ಮ ಮನೆಯಲ್ಲಿ ಯಾರೂ ಕೈ ಮಾಡುವುದಿಲ್ಲಮ್ಮಾ. ನನ್ನ ಮಗ ಅಂಥವನಲ್ಲ." ಆ ಮಗ ಯಾವ ಪ್ರಾಯದಲ್ಲಿ ಹೋದನೋ, ಹೇಗೆ ಬೆಳೆದನೋ, ತಂದೆ ಅವನ ಪರವಾಗಿ ಮಾತು ಕೊಟ್ಟರು. ನನಗೆ ಗಂಡು ನೋಡುವಾಗ ಆ ಮಾತನ್ನು ಯಾರೂ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ ಗಲಾಟೆಯಾಯಿತು. ಮಾಮಿಯ ಅಣ್ಣ, ಮದುವೆ ಮನೆಯಲ್ಲಿ ಇದೆಲ್ಲ ಬೇಕಾ ಎಂದರು, ಯಾರೋ ನನ್ನ ತೋಳು ಹಿಡಿದರು, ಯಾರೋ ಬಿಡಿಸಿದರು. ಮಾಮಿ ಮಾತ್ರ ಕುರ್ಚಿಯ ಕೈ ಹಿಡಿದುಕೊಂಡು ನಿಂತೇ ಇದ್ದರು, ನನ್ನ ಪರವೂ ಇಲ್ಲ, ಮಗನ ಪರವೂ ಇಲ್ಲ. ನಾನು ಸಮಾಲೋಚಕಿ ಹೇಳಿದ ಹಾಗೆ ಮೊದಲೇ ತುಂಬಿಟ್ಟಿದ್ದ ಬ್ಯಾಗು ತೆಗೆದುಕೊಂಡು ಗೇಟು ದಾಟಿದೆ. ಮಾರ್ಕೆಟಿನ ಹತ್ತಿರ ರಿಕ್ಷಾ ಸಿಕ್ಕಿತು.

ಅಮ್ಮ ಜಗಲಿಯಲ್ಲಿ ಫೋಟೋದ ಕೆಳಗೆ ಕುಳಿತಿದ್ದರು. ಎಲ್ಲ ಹೇಳಿದೆ. ಬೀಡಿ ಎಲೆಯ ಕತ್ತರಿ ಕೆಳಗಿಟ್ಟು, ನನ್ನ ಎಡಗಿವಿಯ ಹಿಂದಿನ ಕೂದಲು ಸರಿಸಿ ನೋಡಿದರು, ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ.

"ಬೀದಿಯವರಿಗೆ ಎಂತ ಹೇಳುವುದು ಅಂತ ಹೆದರಿದೆ," ಎಂದೆ.

"ಬೀದಿಯವರಿಗೆ ನಾನು ಹೇಳ್ತೇನೆ. ನಿನ್ನನ್ನು ಓದಿಸಿದ್ದು ಬೀದಿಯವರಾ?"

ಅಷ್ಟೇ. ಇದೊಂದು ಮಾತಿಗೆ ಹೆದರಿ ನಾನು ಒಂದು ಕಿವಿ ಕೊಟ್ಟಿದ್ದೆ.

ಕಿವಿ ಒಣಗಿದ ಮೇಲೆ ಆಪರೇಶನ್ ಆಯಿತು. ಥಿಯೇಟರಿಗೆ ಒಯ್ಯುವಾಗ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಮುಖವೆಲ್ಲ ಮುಚ್ಚಿದ ಜನ ಸುತ್ತ ನಿಂತು ಕೈ ಎತ್ತಿದಾಗ ಮೈ ತನ್ನಷ್ಟಕ್ಕೆ ಮುದುಡಿತು. ಡಾಕ್ಟರು ನನ್ನ ಬಲಗಿವಿಯ ಹತ್ತಿರ ಬಗ್ಗಿ, ಈಗ ಕೆನ್ನೆ ಮುಟ್ಟುತ್ತೇನೆ, ಈಗ ಕಿವಿ ಮುಟ್ಟುತ್ತೇನೆ ಎಂದು ಒಂದೊಂದನ್ನೂ ಹೇಳಿಯೇ ಮುಟ್ಟಿದರು. ಹೇಳಿ ಮುಟ್ಟುವುದು ಎಷ್ಟು ದೊಡ್ಡ ಮದ್ದು ಎಂದು ಅವತ್ತು ತಿಳಿಯಿತು. ಎಚ್ಚರವಾದಾಗ ತಲೆಗೆಲ್ಲ ಬಿಳಿ ಪಟ್ಟಿ. ಕ್ರಿಕೆಟ್ ಆಡಲಿಕ್ಕೆ ಹೊರಟವಳ ಹಾಗೆ ಕಾಣುತ್ತೀ ಎಂದರು ಅಮ್ಮ. ಝೀನತ್ ತಂದ ಅಕ್ಕಿರೊಟ್ಟಿ ಪತ್ತಿರಿಯನ್ನು ನನಗೆ ಜಗಿಯಲಾಗುವುದಿಲ್ಲವೆಂದು ಅಮ್ಮನೇ ತಿಂದು ಮುಗಿಸಿದರು.

ತೇಪೆ ಕೂಡಿತು. ಸೋರುವುದು ನಿಂತಿತು. ಶ್ರವಣ ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ತಲೆಸುತ್ತು ಈಗ ಅಪರೂಪ. ಆದರೆ ಸ್ಕೂಟರಿನ ಹೆದರಿಕೆಗೆ ತೇಪೆ ಹಾಕುವವರು ಬೇರೆ. ಮನಸ್ಸಿನ ಡಾಕ್ಟರಲ್ಲಿಗೆ ಹೋಗಬೇಕೆಂದಾಗ ಅಮ್ಮನ ಮುಖ ಇಳಿಯಿತು. ಹುಚ್ಚಲ್ಲ ಅಮ್ಮ, ಹೆದರಿಕೆ ಮೈಯಲ್ಲಿ ಉಳಿದುಬಿಟ್ಟಿದೆ ಎಂದೆ. ಅವರು ತಮ್ಮ ಬೆರಳು ನೋಡಿಕೊಂಡರು. "ಬೀಡಿ ಇಲ್ಲದಿದ್ರೂ ಇವು ಸುತ್ತುತ್ತಾ ಇರ್ತವಲ್ಲ, ಹಾಗಾ?" ಹಾಗೆಯೇ ಎಂದೆ. ಮರುವಾರ ನನ್ನ ಜೊತೆ ಬಂದು ಆ ಬೆಂಚಿನಲ್ಲೂ ಕುಳಿತರು, ತಲೆ ಎತ್ತಿಯೇ. ಈಗಲೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಸ್ಟ್ಯಾಂಡಿನ ಶಬ್ದಕ್ಕೆ ಹೊಟ್ಟೆ ಈಗಲೂ ಒಮ್ಮೆ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಮೊದಲು ಬಿಡುತ್ತಿರಲಿಲ್ಲ. ಸ್ಕೂಟರ್ ಕಲಿತಿದ್ದೇನೆ, ಸ್ಟ್ಯಾಂಡನ್ನು ಬೇಕೆಂದೇ ಜೋರಾಗಿ ಹಾಕುತ್ತೇನೆ.

ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ. ಡಾಕ್ಟರು ಬಂದು ಹೇಳಿಕೆ ಕೊಟ್ಟರು. ಅವನ ವಕೀಲರು ಬಚ್ಚಲಿನ ವಿಷಯ ಎತ್ತಿದರು. ಆ ಬಚ್ಚಲು ನನ್ನನ್ನು ಇನ್ನೂ ಬಿಟ್ಟಿಲ್ಲ. ಆಗಲಿ, ನಾನೂ ಬಿಡುವುದಿಲ್ಲ.

ಬೆಂಚಿನಲ್ಲಿ ಕುಳಿತಿರುವವಳೇ, ನಿನಗೆ ಹೇಳಲಿಕ್ಕಿರುವುದು ಇಷ್ಟೇ. ಶಬ್ದ ಹೋಗದ ಕೋಣೆ ಎಲ್ಲ ಆಸ್ಪತ್ರೆಯಲ್ಲೂ ಇರಲಿಕ್ಕಿಲ್ಲ. ಇಲ್ಲದಿದ್ದರೆ ಡಾಕ್ಟರ ಹತ್ತಿರ ನೀನೇ ಕೇಳು, ಇವರನ್ನು ಸ್ವಲ್ಪ ಹೊರಗೆ ಕೂರಿಸಿ ಎಂದು. ಅಷ್ಟು ಹೇಳಿದರೆ ಉಳಿದದ್ದು ಅವರಿಗೆ ಅರ್ಥವಾಗುತ್ತದೆ. ಅವರಿಗೆ ಆಗದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಕೇಳು.

ಮೊನ್ನೆ ಉರ್ವ ಮಾರ್ಕೆಟಿನಲ್ಲಿ ಬಸಳೆ ಆರಿಸುತ್ತಿದ್ದೆ. ಯಾರೋ ಎಡಬದಿಯಲ್ಲಿ ಬಂದು ನಿಂತ ಹಾಗಾಯಿತು. ತಿರುಗಿದರೆ ಮಾಮಿ. ಗೇಟು ದಾಟಿ ಬಂದ ಮೇಲೆ ಅವರನ್ನು ನೋಡಿದ್ದು ಅದೇ ಮೊದಲು. ಸೊರಗಿದ್ದರು. ಮಗನ ವಿಷಯ ಎತ್ತಲಿಲ್ಲ, ಕೇಸಿನ ವಿಷಯವೂ ಇಲ್ಲ. ಅವರ ಎಣ್ಣೆಯನ್ನೂ ನಾನು ಮರೆತಿಲ್ಲ, ಮಡಿಲನ್ನೂ ಮರೆತಿಲ್ಲ. ಕ್ಷಮಿಸಿದ್ದೇನಾ ಎಂದು ಕೇಳಬೇಡಿ.

ಮಾಮಿ ಸೊಪ್ಪಿನ ಬುಟ್ಟಿಯನ್ನು ಸುತ್ತಿಕೊಂಡು, ಜನರನ್ನು ಸರಿಸಿಕೊಂಡು, ನನ್ನ ಬಲಬದಿಗೆ ಬಂದು ನಿಂತರು.

"ಪುಷ್ಪ ವಾಪಸ್ ಬಂದಿಲ್ಲ ಅಲ್ವಾ?"

"ಇಲ್ಲ ಮಾಮಿ. ಚೆನ್ನಾಗಿಯೇ ಇರ್ಬೇಕು."

ಅವರು ಒಂದು ಕಟ್ಟು ಬಸಳೆ ತೆಗೆದು, ದಂಟು ಮುರಿದು ನೋಡಿ, ನನ್ನ ಚೀಲದೊಳಗೆ ಇಟ್ಟರು.

"ಬಂದ್ರೆ ಪುನಃ ಕಳಿಸ್ಬೇಡ ಆಯ್ತಾ," ಎಂದರು.

"ಕಳಿಸುವುದಿಲ್ಲ," ಎಂದೆ.